ಕೊನೆಯವರ ಹಿಂದೆ ಒಬ್ಬರು

ಕಾ ಘಾಟಿಯ ಬುಡಕ್ಕೆ ಬರುವ ಹೊತ್ತಿಗೆ ಲುವಾಳಿಗೆ ಸ್ಟೀರಿಂಗ್ ಹಿಡಿದ ಕೈ ತನ್ನದೋ ಬೇರೆಯವರದೋ ಅನ್ನುವಷ್ಟು ಮರಗಟ್ಟಿತ್ತು. ನಾಲ್ಕು ದಿನದಿಂದ ಇದೇ ಆಗಿತ್ತು: ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ವ್ಯಾನಿನ ಮುಂದೆ ಅವಳ ಗಂಡ ಖಾಂಗ್ ಸೈಕಲ್ ತುಳಿಯುತ್ತಿದ್ದ. ಅವನ ಮುಂದೆ ಗಿರಾಕಿಗಳಲ್ಲಿ ಕೊನೆಯವಳಾದ ದಿಯೆಪ್ ಅಕ್ಕ. ಉಳಿದ ಏಳು ಜನ ತಿರುವುಗಳಾಚೆ ಎಲ್ಲೋ ಮರೆಯಾಗಿ ಅರ್ಧ ಗಂಟೆಯಾಗಿತ್ತು. ಎಡಗಡೆ, ಬಹಳ ಕೆಳಗೆ, ಸಮುದ್ರ ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ಅದನ್ನು ನೋಡುವ ಶಕ್ತಿ ಮೂವರಲ್ಲಿ ಯಾರಿಗೂ ಉಳಿದಿರಲಿಲ್ಲ.

ಕ್ವಿ ನ್ಯೋನ್‌ನಿಂದ ನ್ಯಾ ಚಾಂಗ್‌ವರೆಗೆ ಕಡಲ ದಂಡೆಯಲ್ಲಿ ಐದು ದಿನದ ಸೈಕಲ್ ಪ್ರವಾಸ ಅದು. ಈ ಸಲ ಬಂದವರು ನಾಮ್ ದಿನ್‌ನ ನಿವೃತ್ತರ ಸೈಕಲ್ ಸಂಘದ ಎಂಟು ಜನ. ಅವರ ಚೀಲ, ನೀರು, ಪಂಪು, ಹಣ್ಣು ಎಲ್ಲ ಲುವಾಳ ವ್ಯಾನಿನಲ್ಲಿ. ಸುಸ್ತಾದವರನ್ನು ಮರ್ಯಾದೆಗೆ ಕುಂದು ಬರದಂತೆ ವ್ಯಾನಿಗೆ ಹತ್ತಿಸಿಕೊಳ್ಳುವುದೂ ಅವಳದೇ ಕೆಲಸ. ಆರು ವರ್ಷದಲ್ಲಿ ಎಂತೆಂಥ ಎದೆಯುಬ್ಬಿಸಿದ ಗಂಡಸರನ್ನು ಅವಳು ಒಂದು ಹೋಳು ಕಲ್ಲಂಗಡಿ ತೋರಿಸಿ ಒಳಗೆ ಕೂರಿಸಿದ್ದಳು!

ಈ ಸಲ ಮಾತ್ರ ಅವಳು ಉಲ್ಟಾ ಕೆಲಸ ಮಾಡುತ್ತಿದ್ದಳು. ದಿಯೆಪ್ ಅಕ್ಕ ವ್ಯಾನ್ ಹತ್ತದ ಹಾಗೆ ನಾಲ್ಕು ದಿನದಿಂದ ಕಾಯುತ್ತಿದ್ದಳು.

ಕಾರಣ ಖಾಂಗ್‌ನ ಬಲ ಮಂಡಿ. ಹೋದ ಮಳೆಗಾಲದಿಂದ ಅದು ಊದಿಕೊಂಡು, ಏರು ಬಂದರೆ ಮಡಚಲು ಒಲ್ಲೆ ಎನ್ನುತ್ತಿತ್ತು. ಗುಂಪಿಗೆ ಇಬ್ಬರು ಗೈಡುಗಳು. ತಲೆಗೆ ಪ್ರವಾಸ ಕಂಪನಿಯ ಮಾಲೀಕರ ಅಣ್ಣನ ಮಗ ಥಿನ್, ಬಾಲಕ್ಕೆ ಖಾಂಗ್. ಏನೇ ಆದರೂ ಎಲ್ಲರಿಗಿಂತ ಕೊನೆಯವರ ಹಿಂದೆ ಬಾಲ ಇರಲೇಬೇಕು. ಕೊನೆಯವರು ವ್ಯಾನ್ ಹತ್ತಿದರೆ ಅವರ ಮುಂದಿನವರು ಕೊನೆಯವರಾಗುತ್ತಾರೆ, ಬಾಲ ಓಡಿಹೋಗಿ ಅವರನ್ನು ಹಿಡಿಯಬೇಕು. ದಿಯೆಪ್ ಅಕ್ಕ ಆಮೆಯ ಹಾಗೆ ತುಳಿಯುತ್ತಿರುವಷ್ಟು ಹೊತ್ತು ಖಾಂಗ್‌ನ ಕುಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ಸೀಸನ್ ಶುರುವಿಗೇ ಥಿನ್ ಹೇಳಿಬಿಟ್ಟಿದ್ದ: "ಗಿರಾಕಿಗಳ ಎದುರಿಗೆ ವ್ಯಾನ್ ಹತ್ತೋ ಗೈಡು ನಮಗೆ ಬೇಡ." ಐವತ್ತಾರು ವಯಸ್ಸಿನವನನ್ನು ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ಹಾಗಾಗಿ ತಣ್ಣನೆ ಟವೆಲ್ಲು, ನಿಂಬೆ ಹಿಂಡಿದ ಕಬ್ಬಿನ ಹಾಲು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಎಲ್ಲ ದಿಯೆಪ್ ಅಕ್ಕನಿಗೇ ಮೊದಲು.

ಮೊದಲ ತಿರುವಿನಲ್ಲಿ ಅಕ್ಕ ನಿಂತಳು. ಲುವಾ ಇಳಿದು ಟವೆಲ್ಲು ಹಿಡಿದು ಓಡಿದಳು.

"ಹೇಗಿದ್ದೀರಿ ಅಕ್ಕ?"

"ಇನ್ನೂ ಸತ್ತಿಲ್ಲ. ಈ ಸೀಟೇ ನನ್ನನ್ನ ಸಾಯಿಸ್ತಾ ಇದೆ."

"ಇನ್ನೇನು, ಮೂರೇ ತಿರುವು."

"ನಿನ್ನೇನೂ ಮೂರೇ ಅಂದೆ. ನಿಮ್ಮ ಕಡೆ ಮೂರು ಅಂದ್ರೆ ಎಷ್ಟು, ಮಾರಾಯ್ತಿ?" ಅಕ್ಕ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡಳು. "ಸಾಕಾಯ್ತು ಲುವಾ. ವ್ಯಾನ್ ಹತ್ತಿಬಿಡ್ತೀನಿ."

ಲುವಾ ಖಾಂಗ್‌ನ ಕಡೆ ನೋಡಲಿಲ್ಲ. "ಸೀಟಿನ ಮೇಲೆಲ್ಲಾ ಚಕ್ರ ತುಂಬಿದೀವಿ ಅಕ್ಕ. ಆ ತುದೀವರೆಗೆ ಹೋಗಿಬಿಡಿ. ಅಲ್ಲಿ ಖಾಲಿ ಮಾಡಿಕೊಡ್ತೀನಿ."

ಅಕ್ಕ ಒಂದು ಗಳಿಗೆ ಅವಳ ಮುಖ ನೋಡಿ ಸೈಕಲ್ ಹತ್ತಿದಳು.

ಎರಡನೇ ತಿರುವು ದಾಟಿದ ಮೇಲೆ ಸೈಕಲ್ಲು ಹಾವಿನಂತೆ ಹೊರಳಿತು. ಅಕ್ಕ ಇಳಿದು ರಸ್ತೆಯ ಅಂಚಿಗೆ ಬಗ್ಗಿ, ಕುಡಿದ ಕಬ್ಬಿನ ಹಾಲನ್ನೆಲ್ಲ ಕಕ್ಕಿದಳು. ಅರವತ್ತಾರು ವರ್ಷದ ಹೆಂಗಸು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಲುವಾಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ತಾನೇ ರಟ್ಟೆ ಹಿಡಿದು ನಡೆಸಿಕೊಂಡು ಬಂದು, ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂರಿಸಿದಳು.

ಖಾಂಗ್ ಅಕ್ಕನ ಸೈಕಲ್ಲನ್ನು ವ್ಯಾನಿನ ಮೇಲೆ ಕಟ್ಟಿದ. "ಸರಿ," ಅಂದ, ಹೆಂಡತಿಗೆ ಮಾತ್ರ ಕೇಳುವ ಹಾಗೆ. "ನಾನು ಹೋಗಿ ಅವರನ್ನ ಹಿಡೀತೀನಿ."

"ಹೇಗ್ರೀ ಹಿಡೀತೀರಿ?"

"ಹಿಡೀಬೇಕಲ್ಲ," ಅಂದು ಹೊರಟೇಬಿಟ್ಟ.

ವ್ಯಾನ್ ಅವನ ಹಿಂದೆ ಹೊರಟಿತು. ಅಕ್ಕ ನೀರು ಕುಡಿದು ಹಿಂದಕ್ಕೆ ತಿರುಗಿ ನೋಡಿದಳು. ಹಿಂದಿನ ಸೀಟುಗಳು ಖಾಲಿ.

"ಚಕ್ರ ಎಲ್ಲಿ?"

ಲುವಾ ರಸ್ತೆ ನೋಡುತ್ತಿದ್ದಳು.

"ಸೋತವರನ್ನೆಲ್ಲಾ ಹೀಗೇ ತಳ್ತೀಯಾ?"

"ಇಲ್ಲ ಅಕ್ಕ. ನಿಮ್ಮೊಬ್ಬರನ್ನೇ. ತಪ್ಪಾಯ್ತು."

ಮುಂದೆ ಖಾಂಗ್ ಏರುತ್ತಿದ್ದ. ಎಡಗಾಲು ಒತ್ತುತ್ತಿತ್ತು, ಬಲಗಾಲು ಸುಮ್ಮನೆ ಪೆಡಲಿನ ಜೊತೆ ಸುತ್ತಿ ಬರುತ್ತಿತ್ತು. ಪ್ರತಿ ಸುತ್ತಿಗೂ ಹೆಗಲು ಒಂದು ಕಡೆ ಕುಸಿಯುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಳು.

"ಬಲಗಾಲು," ಅಂದಳು. "ಎಷ್ಟು ದಿನದಿಂದ?"

"ಮಳೆಗಾಲದಿಂದ."

"ಮೂವತ್ತು ವರ್ಷ ನೂಲಿನ ಗಿರಣೀಲಿ ಮೇಸ್ತ್ರಿ ಆಗಿದ್ದೆ ಕಣೇ. ಸೊಂಟ ಉಳುಕಿದ್ರೂ ಇಲ್ಲ ಅನ್ನೋರು, ಏನೂ ಆಗದಿದ್ರೂ ನರಳೋರು, ಇಬ್ಬರನ್ನೂ ಬಾಗಿಲಲ್ಲೇ ಗುರುತು ಹಿಡೀತಿದ್ದೆ. ಈ ಸಲ ನಿನ್ನ ಕಬ್ಬಿನ ಹಾಲಿಗೆ ಮರುಳಾಗಿ ಹಿಂದೆ ತಿರುಗಿ ನೋಡ್ಲೇ ಇಲ್ಲ ನೋಡು. ನಾನು ಹತ್ತಿದ್ದರಿಂದ ಅವನು ಓಡಬೇಕಾಯ್ತು, ಅಲ್ವಾ?"

ಲುವಾ ಎಲ್ಲ ಹೇಳಿದಳು. ಹೇಳುವಾಗ ಅಳು ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

"ಅವನನ್ನ ದಾಟಿ ಹೋಗು," ಅಂದಳು ಅಕ್ಕ. "ಮುಂದಿನ ತಿರುವಲ್ಲಿ ನನ್ನ ಇಳಿಸು."

"ಬೇಡ ಅಕ್ಕ, ನಿಮಗೆ..."

"ನಾನು ತುಳೀತೀನಿ ಅಂದ್ನಾ? ಸುಮ್ಮನೆ ಕೂರ್ತೀನಿ ಅಷ್ಟೆ."

ಹಾಗೇ ಆಯಿತು. ಖಾಂಗ್ ಏದುಸಿರು ಬಿಡುತ್ತ ತಿರುವಿಗೆ ಬಂದಾಗ ದಿಯೆಪ್ ಅಕ್ಕ ರಸ್ತೆಯಂಚಿನ ಗಿಡ್ಡ ಗೋಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಮಾವಿನಕಾಯಿ ಕಡಿಯುತ್ತಿದ್ದಳು. ಸೈಕಲ್ಲು ಪಕ್ಕದಲ್ಲಿ ಒರಗಿತ್ತು.

"ಮತ್ತೆ ಇಳಿದುಬಿಟ್ರಾ ಅಕ್ಕ?"

"ಮನಸ್ಸು ಬದಲಾಯ್ತು ತಮ್ಮಾ. ಈಗ ನಾನೇ ಕೊನೆಯವಳು. ನಾನು ಏಳೋವರೆಗೆ ನೀನು ಹೋಗೋ ಹಾಗಿಲ್ಲ. ಕೂತ್ಕೋ."

ಖಾಂಗ್ ಹೆಂಡತಿಯ ಕಡೆ ತಿರುಗಿದ. "ನೀನು ಹೇಳಿದೆ."

"ನಾನ್ಯಾಕೆ ಹೇಳ್ಲಿ? ನಿಮ್ಮ ಕಾಲೇ ಡಂಗುರ ಸಾರ್ತಾ ಬರ್ತಿತ್ತು."

ಅವನಿಗೆ ಸಿಟ್ಟು ಬಂದಿತ್ತು. ಆದರೆ ಕೂತ. ಕೆಳಗೆ ಕೊಲ್ಲಿಯಲ್ಲಿ ಮೀನು ಸಾಕುವ ತೆಪ್ಪಗಳು ಅಲುಗಾಡದೆ ನಿಂತಿದ್ದವು. ಹದಿನೈದು ನಿಮಿಷವಾದ ಮೇಲೆ ಲುವಾಳ ಫೋನು ಬಡಿದುಕೊಂಡಿತು. ಥಿನ್.

"ಬಾಲ ಎಲ್ಲಿದೆ ಅಕ್ಕ?"

"ಕೊನೆಯವರ ಹಿಂದೆ," ಅಂದು ಇಟ್ಟಳು.

"ಸರಿ, ನಡ್ಕೊಂಡೇ ಹತ್ತೋಣ. ನನಗೆ ಈಗ ಪರವಾಗಿಲ್ಲ," ಅಂದಳು ದಿಯೆಪ್ ಅಕ್ಕ.

ಖಾಂಗ್ ಏಳಲು ಹೋದ. ಬಲಗಾಲು ಏಳಲಿಲ್ಲ. ಗೋಡೆ ಹಿಡಿದು ಮತ್ತೊಮ್ಮೆ ಪ್ರಯತ್ನಿಸಿದ. ಆಮೇಲೆ ಯಾರ ಮುಖವನ್ನೂ ನೋಡದೆ ಕೂತುಬಿಟ್ಟ. ಚಡ್ಡಿಯ ಕೆಳಗೆ ಮಂಡಿ ಬೇಯಿಸಿದ ಗೆಣಸಿನ ಹಾಗೆ ಊದಿ ಹೊಳೆಯುತ್ತಿತ್ತು.

ಲುವಾ ಎದ್ದು ಅವನ ತಲೆಯಿಂದ ಹೆಲ್ಮೆಟ್ಟು ಬಿಚ್ಚಿದಳು. ತನ್ನ ತಲೆಗೆ ಹಾಕಿಕೊಂಡಳು.

"ಏನು ಮಾಡ್ತಿದ್ದೀಯ?"

"ಬಾಲ ಆಗ್ತಿದ್ದೀನಿ. ನೀವು ವ್ಯಾನ್ ಓಡಿಸಿ."

"ಹುಚ್ಚಿಡಿದಿದೆಯಾ? ಥಿನ್ ಏನಂದಿದ್ದ? ವ್ಯಾನ್ ಹತ್ತೋ ಗೈಡು..."

"ಹತ್ತಿ ಕೂರೋದು ಬೇರೆ, ಓಡಿಸೋದು ಬೇರೆ. ನನಗೆ ಓಡಿಸೋಕೆ ಕಲಿಸಿದ್ದೇ ನೀವಲ್ವಾ? ಈ ಮಂಡಿಗೆ ಆಕ್ಸಲರೇಟರ್ ಒತ್ತೋದು ಅಷ್ಟು ಭಾರವೇನಲ್ಲ." ಅವಳು ಅವನ ಸೈಕಲ್ಲಿನ ಸೀಟನ್ನು ಎರಡು ಬೆರಳು ತಗ್ಗಿಸಿದಳು. "ಕೊನೆಯವರ ಹಿಂದೆ ಒಬ್ಬರು ಇರಬೇಕು ಅಂತ ನಿಯಮ. ಆ ಒಬ್ಬರಿಗೆ ಮೀಸೆ ಇರಬೇಕು ಅಂತ ಯಾರೂ ಹೇಳಿಲ್ಲ. ವ್ಯಾನ್ ಸಿಗೋಕೆ ಮುಂಚೆ ಹತ್ತು ವರ್ಷ ಬೆನ್ನ ಹಿಂದೆ ಎರಡು ಬುಟ್ಟಿ ಮೀನು ಹೇರಿಕೊಂಡು ತುಳಿದವಳು ನಾನು. ಮರೆತುಬಿಟ್ರಾ?"

ಖಾಂಗ್ ಮರೆತಿರಲಿಲ್ಲ. ಕೈ ಚಾಚಿದ. ಅವಳು ವ್ಯಾನಿನ ಕೀಲಿ ಕೊಟ್ಟಳು.

ಘಾಟಿಯ ನೆತ್ತಿಗೆ ಇನ್ನೂ ಐದು ತಿರುವು ಇದ್ದವು. ಅರ್ಧ ತುಳಿದರು, ಅರ್ಧ ತಳ್ಳಿದರು. ಮೀನಿನ ಬುಟ್ಟಿಯ ಕಾಲದ ತೊಡೆ ಈಗ ಇಲ್ಲ ಎಂದು ಲುವಾಳಿಗೆ ಎರಡನೇ ತಿರುವಿಗೇ ಗೊತ್ತಾಯಿತು. ಆದರೂ ಮುಂದೆ ಅಕ್ಕನ ಬೆನ್ನು ಕಾಣುತ್ತಿತ್ತು. ಅದರ ಹಿಂದೆ ಇದ್ದರೆ ಆಯಿತು, ಇನ್ನೇನೂ ಯೋಚಿಸಬೇಕಾಗಿರಲಿಲ್ಲ.

ನೆತ್ತಿಯ ಮೇಲೆ ಥಿನ್ ಬೆರಳೆತ್ತಿ ಎಣಿಸುತ್ತ ನಿಂತಿದ್ದ. ಎಂಟನೆಯವಳಾಗಿ ದಿಯೆಪ್ ಅಕ್ಕ ಬಂದಳು. ಅವಳ ಹಿಂದೆ ಚಪ್ಪಲಿ ಕಾಲಿನ ಲುವಾ. ಅವಳ ಹಿಂದೆ ವ್ಯಾನಿನ ಕಿಟಕಿಯಲ್ಲಿ ಖಾಂಗ್‌ನ ಬರಿದಲೆ. ಥಿನ್‌ನ ಎತ್ತಿದ ಬೆರಳು ಅಲ್ಲೇ ನಿಂತಿತು.

"ಇದೇನಿದು?"

ಲುವಾ ಬಾಯಿ ತೆರೆಯುವ ಮೊದಲೇ ಖಾಂಗ್ ಕಿಟಕಿಯಿಂದ ಹೇಳಿದ: "ನನ್ನ ಮಂಡಿ ಹೋಗಿದೆ ಥಿನ್. ಮುಚ್ಚಿಟ್ಟಿದ್ದೆ. ಇನ್ನು ನನ್ನಿಂದ ತುಳಿಯೋಕಾಗಲ್ಲ."

ಥಿನ್ ಗಿರಾಕಿಗಳ ಕಡೆ ನೋಡಿದ. ದಿಯೆಪ್ ಅಕ್ಕ ಗಿರಣಿಯ ಬಾಗಿಲಲ್ಲಿ ನಿಂತ ಹಾಗೆ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು. "ನಾಲ್ಕು ದಿನ ನನ್ನ ಹಿಂದೆ ಒಬ್ಬರು ಇರದ ಗಳಿಗೆ ಒಂದಿಲ್ಲ ಕಣಪ್ಪ," ಅಂದಳು. "ನಿನ್ನನ್ನ ಮಾತ್ರ ಬೆಳಿಗ್ಗೆ ತಿಂಡಿ ಹೊತ್ತಲ್ಲಿ ನೋಡಿದ್ದು ಬಿಟ್ರೆ ಈಗಲೇ ನೋಡ್ತಿರೋದು."

ಸಂಘದವರೆಲ್ಲ ನಕ್ಕರು. ಥಿನ್‌ನ ಕಿವಿ ಕೆಂಪಾಯಿತು. ಅವನು ಕಿಟಕಿಯೊಳಗೆ ಬಗ್ಗಿ ಖಾಂಗ್‌ನ ಮಂಡಿಯ ಮೇಲೆ, ಆಮೇಲೆ ಲುವಾಳ ಚಪ್ಪಲಿಯ ಮೇಲೆ ಕಣ್ಣಾಡಿಸಿದ.

"ನಾಳೆ ನ್ಯಾ ಚಾಂಗ್‌ವರೆಗೆ ಬಾಲ ಯಾರು ಹಾಗಾದ್ರೆ?"

"ನಾನೇ," ಅಂದಳು ಲುವಾ. "ನಾಳೆ ಆದ ಮೇಲೂ ನಾನೇ. ನಿನ್ನ ಚಿಕ್ಕಪ್ಪನಿಗೆ ಹೇಳಿಬಿಡು ತಮ್ಮ. ಆದ್ರೆ ಈ ಸೀಟಿಗೆ ಇನ್ನೊಂದು ಮೆತ್ತೆ ಹಾಕ್ಸು."

ಖಾಂಗ್ ಕಿಟಕಿಯಿಂದ ತಣ್ಣನೆ ಟವೆಲ್ಲು ಚಾಚಿದ. ಅದನ್ನು ಅವಳು ಮುಖಕ್ಕೆ ಒತ್ತಿಕೊಂಡು, ಮುಂದೆ ಇಳಿಜಾರೇ ಇದೆ ಅನ್ನುವ ಸಮಾಧಾನವೂ ಬೇಡವಾಗಿ, ಬಹಳ ಹೊತ್ತು ಹಾಗೇ ನಿಂತಳು.