ಬಾನೆಟ್ ಮೇಲೆ ಎರಡು ತಟ್ಟು

ಮೇ ತಿಂಗಳ ಮಧ್ಯಾಹ್ನ ಮುಂಬಯಿಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೆ ನಿಂತು ನೋಡಬೇಕು. ಎಸಿ ಕಿಟಕಿಯ ಒಳಗಿನಿಂದಲ್ಲ, ಹೊರಗೆ. ಕೆಳಗೆ ನೆಲ ಸುಡುತ್ತದೆ, ಮೇಲೆ ಸೂರ್ಯ ಸುಡುತ್ತಾನೆ, ನಡುವೆ ಇಂಜಿನ್ನು ಸೀಮೆಎಣ್ಣೆಯ ವಾಸನೆಯ ಬಿಸಿ ಉಸಿರು ಬಿಡುತ್ತದೆ. ಕಂಪನಿ ಕೊಟ್ಟ ಬೂಟಿನ ಅಟ್ಟೆ ಸವೆದು, ದಾನಪ್ಪ ಒಳಗೆ ರಟ್ಟು ಕತ್ತರಿಸಿ ಹಾಕಿಕೊಂಡಿದ್ದ. ಕೈಯಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳುವಂತಿಲ್ಲ, ಗಾಳಿಗೆ ಹಾರಿ ಇಂಜಿನ್ನಿಗೆ ಹೊಕ್ಕೀತು ಅಂತ ನಿಯಮ. ಒಳ್ಳೆಯ ನಿಯಮವೇ. ಹಾಗಾದರೆ ಕುಡಿಯುವ ನೀರಿನ ಡ್ರಮ್ಮು ಹತ್ತಿರದಲ್ಲಿರಬೇಕು ಅನ್ನುವ ನಿಯಮ ಮಾತ್ರ ಯಾವ ದೊಡ್ಡವರಿಗೂ ಹೊಳೆದಿರಲಿಲ್ಲ.

ದಾನಪ್ಪ ವಿಜಯಪುರದ ಕಡೆಯವನು. ವಿಕ್ರೋಳಿಯ ಗುಡ್ಡದ ಮೇಲಿನ ಚಾಳಿನಲ್ಲಿ ಮನೆ. ವಿಮಾನ ಬಂದು ನಿಂತ ಕೂಡಲೇ ಅದರ ಗಾಲಿಗಳಿಗೆ ರಬ್ಬರಿನ ದಪ್ಪ ದಿಮ್ಮಿ ಒಡ್ಡುವುದು ಅವನ ಕೆಲಸ. ಆ ದಿಮ್ಮಿಗೆ ಚೋಕ್ ಅನ್ನುತ್ತಾರೆ. ಚೋಕ್ ಬಿದ್ದರೆ ವಿಮಾನ ಬಂತು ಅಂತ ಲೆಕ್ಕ. ಆಮೇಲೆಯೇ ಏಣಿ, ಲಗೇಜು, ಊಟದ ಗಾಡಿ ಎಲ್ಲ. ನೂರೆಂಟು ಜನ ಹೊಟ್ಟೆಯೊಳಗೆ ಕೂತ ಆ ಯಂತ್ರವನ್ನು ಹಿಡಿದು ನಿಲ್ಲಿಸುವವನು ತಾನು ಎಂದು ದಾನಪ್ಪನಿಗೆ ಒಳಗೊಳಗೇ ಸ್ವಲ್ಪ ಗತ್ತೂ ಇತ್ತು.

ಅದಕ್ಕೂ ಒಂದು ನಿಯಮ ಇತ್ತು. ವಿಮಾನದ ಹೊಟ್ಟೆಯ ಕೆಳಗೆ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಅದು ಉರಿಯುತ್ತಿದೆ ಅಂದರೆ ಇಂಜಿನ್ ಜೀವಂತ ಇದೆ ಅಂತ ಅರ್ಥ. ಅದು ಆರುವ ತನಕ ನೆಲಕ್ಕೆ ಬಳಿದ ಕೆಂಪು ಗೆರೆ ದಾಟಿ ಯಾರೂ ಹೋಗಬಾರದು. ಶೆಡ್ಡಿನ ಗೋಡೆಗೆ ಈ ನಿಯಮವನ್ನು ಹಿಂದಿ, ಇಂಗ್ಲಿಷ್, ಮರಾಠಿಯಲ್ಲಿ ಬರೆದು, ಕೆಳಗೆ ನಗುವ ಕೂಲಿಯವನೊಬ್ಬನ ಚಿತ್ರ ಹಾಕಿದ್ದರು. ಅಂಥ ನಗುವ ಕೂಲಿಯವನನ್ನು ಆ ಶೆಡ್ಡಿನಲ್ಲಿ ಯಾರೂ ಕಂಡವರಿಲ್ಲ.

ನಿಯಮ ಗೋಡೆಯ ಮೇಲಿತ್ತು. ಕೆಲಸ ನಡೆಯುತ್ತಿದ್ದದ್ದು ಬೇರೆ ರೀತಿ. ಇಂಜಿನ್ನಿನ ಕಾವು ಇಳಿಯಲಿ ಎಂದು ಪೈಲಟ್ಟು ಒಂದಿಷ್ಟು ಹೊತ್ತು ಅದನ್ನು ಆರಿಸುವುದಿಲ್ಲ. ಆ ಹೊತ್ತು ಇದೆಯಲ್ಲ, ಅದೇ ಗುತ್ತಿಗೆ ಕಂಪನಿಯ ಕಣ್ಣಿಗೆ ಬಿದ್ದದ್ದು. ಅಷ್ಟರಲ್ಲೇ ಚೋಕ್ ಬಿದ್ದರೆ ವಿಮಾನ ಬೇಗ ತಿರುಗಿ ಹೊರಡುತ್ತದೆ, ವಿಮಾನದ ಮಾಲೀಕರು ಮೆಚ್ಚುತ್ತಾರೆ, ಮುಂದಿನ ಗುತ್ತಿಗೆಯೂ ಇವರಿಗೇ. ಆದರೆ ದೀಪ ಉರಿಯುವಾಗ ಹೋಗಿ ಅಂತ ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದವನ ಕುತ್ತಿಗೆಗೆ ಬರುತ್ತದೆ. ಅದಕ್ಕೆ ಸೂಪರ್‌ವೈಸರ್ ಸುಹಾಸ ಲಗೇಜ್ ಎಳೆಯುವ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಠಪ್, ಠಪ್. ಮುಖ ಬೇರೆ ಕಡೆ. ಅಷ್ಟು ಕೇಳಿದರೆ ಚೋಕ್ ಎತ್ತಿಕೊಂಡು ಓಡಬೇಕು. ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು.

ಮಂಗಳವಾರ ಹಾಗೇ ತಟ್ಟಿದ. ಮುಂದಿನ ಗಾಲಿಯ ಸರದಿ ಸಂತುವಿನದು. ಉಡುಪಿ ಕಡೆಯ ಹುಡುಗ, ಮದುವೆ ಗೊತ್ತಾಗಿತ್ತು. ಓಡಿದ. ವಿಮಾನ ನಿಂತ ಹಾಗೆ ಕಂಡಿತೇ ಹೊರತು ಪೂರ್ತಿ ನಿಂತಿರಲಿಲ್ಲ, ಇನ್ನೊಂದು ಗೇಣು ಉರುಳಿತು. ಆ ಒಂದು ಗೇಣಿನಲ್ಲಿ ಸಂತುವಿನ ಬಲಗಾಲು ಇತ್ತು.

ಅಂದಿನಿಂದ ದಾನಪ್ಪನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮನೆಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಭಜನೆಯ ಗುಂಪಿನವನೊಬ್ಬ ತಗಡಿನ ಮೇಲೆ ತಾಳ ತಟ್ಟಿದರೆ ಇವನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ವಡಾಪಾವ್ ಮಾರುವವನು ಗಾಡಿ ಬಡಿದರೂ ಅಷ್ಟೇ. ರೈಲಿನಲ್ಲಿ ಪಕ್ಕದವರು ಜಾಗ ಸಿಕ್ಕಿತು ಅಂತ ಕೂತುಬಿಡುತ್ತಿದ್ದರು. 'ತಟ್ಟಿದ್ರ ಓಡಬೇಕು ನೋಡಪಾ, ಹಿಂದ ಮುಂದ ನೋಡಬ್ಯಾಡ' ಅಂತ ಸಂತುವಿಗೆ ಕಲಿಸಿದವನು ತಾನೇ. ಅದೇ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು.

ಗುರುವಾರ ಸುಹಾಸ ಅವನನ್ನು ಆಫೀಸಿನ ಕಂಟೇನರಿಗೆ ಕರೆದ. ಮುಲುಂಡಿನಲ್ಲಿ ಬೆಳೆದ ಹುಡುಗ. ಮನೆಯಲ್ಲಿ ಕನ್ನಡವಂತೆ, ಆದರೆ ಮಾತಿನಲ್ಲಿ ಅರ್ಧ ಹಿಂದಿ. ಅಂದು ಕುರ್ಚಿ ಬೇರೆ ಎಳೆದು ಕೊಟ್ಟ. ಕುರ್ಚಿ ಕೊಟ್ಟಾಗಲೇ ದಾನಪ್ಪನಿಗೆ ಏನೋ ಕೆಟ್ಟದ್ದಿದೆ ಅನ್ನಿಸಿತು.

"ದಾನಪ್ಪ, ನಾಳೆ ಎನ್‌ಕ್ವೈರಿ ಇದೆ. ಸೇಫ್ಟಿ ಮೇಡಂ ನಿಮ್ಮನ್ನ ಕೇಳ್ತಾರೆ. ನೀವು ಝೂಟ್ ಏನೂ ಹೇಳಬೇಡಿ. ಸಚ್ ಹೇಳಿ, ಬಸ್."

"ಏನ್ ಹೇಳ್ಬೇಕ್ರಿ ಸರ್?"

"ಲೈಟ್ ಉರೀತಾ ಇತ್ತು ತಾನೆ?"

"ಉರೀತಿತ್ತ್ರಿ."

"ಸಂತು ಹೋದ ತಾನೆ?"

"ಹೋದಾರಿ."

"ನಾನು ಬಾಯಿ ತೆಗೆದು ಹೋಗು ಅಂದೆನಾ?"

ದಾನಪ್ಪ ಅವನ ಮುಖ ನೋಡಿದ. "ಬಾಯಿಲೆ ಅಂದಿಲ್ರಿ."

"ಹಾಂ. ಅಷ್ಟೇ ಹೇಳಿ. ಮೂರೂ ಸಚ್ ಅಲ್ವಾ?" ಸುಹಾಸ ಬೆವರು ಒರೆಸಿಕೊಂಡ. "ನಿಮ್ಮ ಏರ್‌ಪೋರ್ಟ್ ಪಾಸ್ ರಿನ್ಯೂಗೆ ಬಂದಿದೆ. ನನ್ನ ಟೇಬಲ್ ಮೇಲೇ ಇದೆ. ನಾನೂ ನೌಕರಿ ಮಾಡೋನು, ದಾನಪ್ಪ. ನನಗೂ ಮೇಲಿನವರು ಯಾರೂ ಬಾಯಿ ತೆಗೆದು ಏನೂ ಹೇಳಲ್ಲ."

ಸುಳ್ಳು ಹೇಳು ಅಂದಿದ್ದರೆ ಒಂದು ಮಾತು ತಿರುಗಿಸಿ ಅನ್ನಬಹುದಿತ್ತು. ಇವರು ಮೂರು ನಿಜ ಜೋಡಿಸಿ ಒಂದು ಸುಳ್ಳು ಕಟ್ಟಿದ್ದರು. ದಾನಪ್ಪ ಕುರ್ಚಿಯ ಕೈ ಹಿಡಿದು ಎದ್ದು ಹೊರಗೆ ಬಂದ.

ಅಂದು ಸಂಜೆ ಟ್ರ್ಯಾಕ್ಟರ್ ಓಡಿಸುವ ಧರ್ಮಣ್ಣನ ಜೊತೆ ಆಸ್ಪತ್ರೆಗೆ ಹೋದ. ಮುನಸಿಪಾಲಿಟಿಯ ಆಸ್ಪತ್ರೆ, ಮಂಚದ ಕೆಳಗೂ ರೋಗಿಗಳು. ಸಂತುವಿನ ಬಲಗಾಲಿನ ಮುಂಭಾಗ ತೆಗೆದಿದ್ದರು. ತಾಯಿ ಶೀಲಾವತಿ ಪಕ್ಕದಲ್ಲಿ ಕೂತಿದ್ದಳು. ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವವಳು. ಸುಮ್ಮನೆ ಕೂತರೂ ಬೆರಳು ಮಾತ್ರ ಹೆಚ್ಚುತ್ತಲೇ ಇತ್ತು.

"ದಾನಪ್ಪಣ್ಣ, ಕಂಪನಿಯವರು ಬಂದಿದ್ರು ಮಾರಾಯ್ರೆ," ಅಂದ ಸಂತು. "ನಿಯಮ ಮುರಿದವನಿಗೆ ವಿಮೆ ಇಲ್ಲ, ಕೆಲಸವೂ ಇಲ್ಲ ಅಂತಾರೆ. ನಾನೇ ಅವಸರ ಮಾಡಿದ್ದಂತೆ."

"ನಿಮಗೆ ಗೊತ್ತುಂಟಲ್ಲ," ಎಂದಳು ಶೀಲಾವತಿ, ಸ್ವರ ಏರಿಸದೆ. "ನನ್ನ ಮಗ ಬುದ್ಧಿಯಿಲ್ಲದೆ ಹೋಗಿ ಚಕ್ರದ ಅಡಿಗೆ ಕಾಲು ಕೊಟ್ಟದ್ದಾ? ಅದೊಂದು ಹೇಳಿ. ಹೆಣ್ಣಿನ ಮನೆಯವರು ಕೇಳ್ತಾರೆ, ನಾನು ಎಂತ ಹೇಳಲಿ?"

ದಾನಪ್ಪ ಅವಳ ಕಡೆ ತಿರುಗಿದ. "ನಿಮ್ಮ ಮಗಾ ತಾನಾಗೇ ಹೋಗ್ಲಿಲ್ರಿ ಅವ್ವಾರ. ಅವ್ರು ತಟ್ಟಿದ್ರು, ಹೋದ."

"ಹಾಗಂತ ನಾಳೆ ಹೇಳ್ತೀರಾ?"

ಉತ್ತರ ಕೊಡದೆ ಬಂದೆನಲ್ಲ ಅಂತ ದಾನಪ್ಪ ಗುಡ್ಡ ಹತ್ತುವ ಉದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಹೆಂಡತಿ ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೂ ಅವನು ಬೆಚ್ಚಿದ. ಅವಳು ಕೈ ನಿಲ್ಲಿಸಿ, ಹಿಟ್ಟನ್ನು ತಟ್ಟದೆ ಕೈಯಲ್ಲೇ ಒತ್ತತೊಡಗಿದಳು. ಎಲ್ಲ ಕೇಳಿದ ಮೇಲೆ ಹೇಳಿದಳು:

"ಅವ್ರು ಹೇಳಿದಂಗ ಹೇಳಿ ಬಂದ್ರ ನಿನಗ ಊಟ ಸೇರಂಗಿಲ್ಲ. ಖರೇ ಹೇಳಿ ಬಂದ್ರ ಮನ್ಯಾಗ ಊಟಾನ ಇರಂಗಿಲ್ಲ. ಹೆಂಗೂ ಉಪಾಸನ ಐತಿ. ಮತ್ತ ನೆಟ್ಟಗ ನಿಂತು ಉಪಾಸ ಬೀಳೂಣಂತ."

"ಪಾಸ್ ಹೋದ್ರ ಮತ್ತ ಒಳಗ ಬಿಡಂಗಿಲ್ಲ ಬಸಲಿಂಗಿ."

"ಆ ಹುಡುಗನ್ನ ಬಿಡ್ತಾರೇನು?" ಅಂದಳು. ಆಮೇಲೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ವಿಚಾರಣೆಯ ಕೋಣೆಯಲ್ಲಿ ಎಸಿ ಇತ್ತು. ಸೇಫ್ಟಿ ಮೇಡಂ ಹೆಸರು ನಿಖಿತಾ, ಮಂಗಳೂರು ಕಡೆಯವರಂತೆ, ಕನ್ನಡ ಬರುತ್ತಿತ್ತು. ಕೆಟ್ಟವರಲ್ಲ. ಮುಂದೆ ದಪ್ಪ ನಿಯಮದ ಪುಸ್ತಕ, ಪಕ್ಕದಲ್ಲಿ ಕ್ಯಾಮೆರಾದ ಚಿತ್ರ. ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಅದರಲ್ಲಿ ಸುಹಾಸ ಬಾನೆಟ್ ಮೇಲೆ ಕೈ ಇಟ್ಟು ಎತ್ತಲೋ ನೋಡುತ್ತಾ ನಿಂತಿದ್ದ, ಸಂತು ಓಡುತ್ತಿದ್ದ.

"ಸಂತುಗೆ ಯಾರಾದರೂ ಹೋಗು ಅಂತ ಹೇಳಿದ್ರಾ?" ಮೇಡಂ ಕೇಳಿದರು.

ದಾನಪ್ಪ ಎದ್ದು ನಿಂತ. ಮೇಜಿನ ಹತ್ತಿರ ಹೋಗಿ ಅಂಗೈಯಿಂದ ಎರಡು ಸಲ ತಟ್ಟಿದ. ಗಾಜಿನ ಲೋಟ ಅಲುಗಿತು. ಮೂಲೆಯಲ್ಲಿ ಕೂತಿದ್ದ ಸುಹಾಸ ನೆಲ ನೋಡಿದ.

"ಹಿಂಗ ಹೇಳಿದ್ರರಿ. ದಿನಾ ಹಿಂಗ ಹೇಳ್ತಾರ. ಇದಕ್ಕ ಓಡದವನ್ನ ಮರುದಿನ ವಿಮಾನದ ಲಗೇಜಿನ ಹೊಟ್ಟಿಯೊಳಗ ಬೋರಲ ಮಲಗಿಸಿ ಕೆಲಸ ಹಚ್ತಾರ."

ಮೇಡಂ ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು. ಬರೆಯುತ್ತಾರೆ ಅನ್ನಿಸಿತು. ಆಮೇಲೆ ಕೆಳಗಿಟ್ಟರು.

"ತಟ್ಟಿದ್ದು ಅಂತ ನಾನು ಹೇಗೆ ಬರೀಲಿ? ಅಂಥ ಸಿಗ್ನಲ್ ಪುಸ್ತಕದಲ್ಲೇ ಇಲ್ಲ. ದೀಪ ಉರೀತಾ ಇತ್ತು, ಅವನು ಗೆರೆ ದಾಟಿದ. ಇದು ಮಾತ್ರ ಕಾಣ್ತದೆ."

"ಹಂಗಾರ ನಾ ಏನ್ ಕಿವುಡ ಅದೀನೇನ್ರಿ? ಅವನ ಕಾಲು ಕಾಣಂಗಿಲ್ಲೇನ್ರಿ?"

ಕಾಲು ಕಾಣುತ್ತಿತ್ತು. ಆದರೂ ತೀರ್ಪು ಬಂತು: ನೌಕರನ ಸ್ವಂತ ತಪ್ಪು. ಮತ್ತೆ ಹೀಗಾಗಬಾರದು ಅಂತ ಎಲ್ಲರಿಗೂ ಪಾಠ. ಊಟ ಮುಗಿದ ಕೂಡಲೇ ಶೆಡ್ಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಗುವ ಕೂಲಿಯವನ ಚಿತ್ರದ ಕೆಳಗೆ ನಿಂತು ನಿಖಿತಾ ಮೇಡಂ ಹೇಳಿಸಿದರು. ದೀಪ ಆರುವ ತನಕ ಯಾರೂ ಗೆರೆ ದಾಟಬಾರದು. ಶಾಲೆಯ ಮಕ್ಕಳ ಹಾಗೆ ಎಲ್ಲರೂ ಒಟ್ಟಿಗೆ ಅಂದರು.

ದಾನಪ್ಪ ಕೈ ಎತ್ತಿದ. "ಯಾರು ಹೇಳಿದ್ರೂ ದಾಟಬಾರದೇನ್ರಿ ಮೇಡಂ?"

"ಯಾರು ಹೇಳಿದರೂ."

"ಬಾಯಿಲೆ ಹೇಳಿದ್ರೂ, ಕೈಯಿಲೆ ಹೇಳಿದ್ರೂ?"

ಮೇಡಂ ಅವನ ಮುಖ ನೋಡಿದರು. "ಹೇಗೆ ಹೇಳಿದರೂ," ಅಂದರು.

ಸಾಲಿನಲ್ಲಿ ಯಾರೋ ಕೆಮ್ಮಿದರು. ಧರ್ಮಣ್ಣ ದಾನಪ್ಪನ ಕಡೆ ತಿರುಗಿ, "ಕೇಳಿತಾ?" ಎಂದು ಮೆಲ್ಲಗೆ ಕೇಳಿದ. ಪಕ್ಕದವನು ತನ್ನ ಪಕ್ಕದವನಿಗೆ ಏನೋ ಹೇಳಿದ. ಅವನು ಮತ್ತೊಬ್ಬನಿಗೆ ಹೇಳಿದ. ಸಭೆ ಮಾಡಲಿಲ್ಲ, ಬಾವುಟ ಹಿಡಿಯಲಿಲ್ಲ. ಶೆಡ್ಡಿನಿಂದ ಹೊರಗೆ ಬರುವಷ್ಟರಲ್ಲಿ ಮಾತು ಸಾಲಿನ ಕೊನೆ ಮುಟ್ಟಿತ್ತು.

ಸುಹಾಸ ಹಿಂದೆ ಬಂದು ದಾನಪ್ಪನ ಕಿವಿಯ ಹತ್ತಿರ ಅಂದ: "ನಿಮ್ಮ ಪಾಸ್ ಈಗ ನನ್ನ ಕೈಯಲ್ಲಿಲ್ಲ. ಮೇಲೆ ಕಳಿಸಿದೀನಿ."

"ಕಳಸ್ರಿ," ಅಂದ ದಾನಪ್ಪ. ಹೆದರಿಕೆ ಹೊತ್ತುಕೊಂಡೇ ವಿಮಾನ ನಿಲ್ಲುವ ಬೇ ಕಡೆ ನಡೆದ.

ವಿಮಾನ ಬಂದದ್ದೇ ತಡವಾಗಿ. ಬಂದು ಗೆರೆಯ ಮೇಲೆ ನಿಂತಿತು. ಹೊಟ್ಟೆಯ ಕೆಳಗೆ ಕೆಂಪು ದೀಪ ಮಿನುಗುತ್ತಿತ್ತು. ಕಿಟಕಿಗಳಲ್ಲಿ ಜನ ಆಗಲೇ ಎದ್ದು ನಿಂತು ಚೀಲ ಇಳಿಸಿಕೊಳ್ಳುವುದು ಕಾಣುತ್ತಿತ್ತು. ಸುಹಾಸ ಬಾನೆಟ್ ಹತ್ತಿರ ಬಂದು, ಅಭ್ಯಾಸದ ಹಾಗೆ ಮುಖ ಆ ಕಡೆ ತಿರುಗಿಸಿ, ತಟ್ಟಿದ. ಠಪ್, ಠಪ್.

ದಾನಪ್ಪನ ಕಾಲು ಎದ್ದಿತು. ದೇವರಾಣೆ, ಎದ್ದಿತು. ಅದನ್ನು ಅವನು ಮತ್ತೆ ನೆಲಕ್ಕೆ ಊರಿದ.

ಯಾರೂ ಅಲುಗಲಿಲ್ಲ. ಸುಹಾಸ ಇನ್ನೊಮ್ಮೆ ತಟ್ಟಿದ, ಜೋರಾಗಿ. ಧರ್ಮಣ್ಣ ಟ್ರ್ಯಾಕ್ಟರಿನ ಕೀಲಿ ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಂಡು ಕೈ ಕಟ್ಟಿ ಕೂತ. ಏಣಿಯವರು ಗೆರೆಯ ಹಿಂದೆ, ಲಗೇಜಿನವರು ಗೆರೆಯ ಹಿಂದೆ. ಪಕ್ಕದ ಬೇಯಲ್ಲಿ ಇನ್ನೊಂದು ವಿಮಾನ ಬಂದು ನಿಂತಿತ್ತು, ಅಲ್ಲೂ ಜನ ಗೆರೆಯ ಹಿಂದೆಯೇ.

"ಕ್ಯಾ ಹುವಾ? ದಾನಪ್ಪ, ಕೇಳಲಿಲ್ವಾ?"

"ಏನ್ರಿ ಸರ್? ನೀವೇನರೆ ಅಂದ್ರೇನು?"

ಅಷ್ಟರಲ್ಲಿ ಸುಹಾಸನ ಎದೆಯ ಮೇಲಿನ ವಾಕಿಟಾಕಿ ಕರೆಯಿತು. ಆ ವಾಕಿಟಾಕಿಯಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ ಅಂತ ಅಲ್ಲಿನ ಎಲ್ಲರಿಗೂ ಗೊತ್ತು. ಮೇಲಿನ ಯಾರದೋ ದಪ್ಪ ದನಿ, ಹಿಂದಿಯಲ್ಲಿ: ಚೋಕ್ ಇನ್ನೂ ಯಾಕೆ ಬಿದ್ದಿಲ್ಲ? ಎರಡೂ ಬೇ ಯಾಕೆ ನಿಂತಿವೆ?

"ಉತ್ತರಾ ಕೊಡ್ರಿ ಸರ್," ಅಂದ ದಾನಪ್ಪ. "ಅಲ್ಲಿ ಬಾನೆಟ್ ಇಲ್ಲ. ಬಾಯಿಲೇ ಹೇಳ್ಬೇಕು."

ವಾಕಿಟಾಕಿ ಮತ್ತೆ ಕರೆಯಿತು. ಸುಹಾಸ ದೀಪ ನೋಡಿದ, ಗೆರೆಯ ಹಿಂದೆ ನಿಂತ ಮುಖಗಳನ್ನು ನೋಡಿದ. ಗುಂಡಿ ಒತ್ತಿದ.

"ಸರ್... ದೀಪ ಉರೀತಾ ಇದೆ," ಅಂತ ಹಿಂದಿಯಲ್ಲಿ ಹೇಳಿದ. "ಆರೋ ತನಕ ಯಾರೂ ಹೋಗೋ ಹಾಗಿಲ್ಲ."



ದಾನಪ್ಪನಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಿಟ್ಟು ಬಂತು, ಕಣ್ಣಲ್ಲಿ ನೀರು ಬರುವಂಥ ಸಿಟ್ಟು.

"ಇಷ್ಟ ಮಾತು ರೀ ಸರ್," ಅಂದ. "ಮಂಗಳವಾರ ಇಷ್ಟ ಒಂದು ಮಾತು ಅಂದಿದ್ರ ಆ ಹುಡುಗನ ಕಾಲು ಅಲ್ಲೇ ಇರ್ತಿತ್ತು."

ಸುಹಾಸ ಬಾನೆಟ್ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡ.

ಇಂಜಿನ್ನಿನ ಸದ್ದು ಇಳಿಯಿತು. ಕೆಂಪು ದೀಪ ಆರಿತು. ಮುಂದಿನ ಗಾಲಿಯ ಸರದಿ ಈಗ ದಾನಪ್ಪನದು. ಅವನು ಬಗ್ಗಿ ಸಂತುವಿನ ಚೋಕ್ ಎತ್ತಿಕೊಂಡ, ಗೆರೆ ದಾಟಿದ. ಓಡಲಿಲ್ಲ, ನಡೆದ. ಅವನ ಹಿಂದೆ ಎಲ್ಲರೂ ನಡೆದರು.