ಆ ಕಡೆಯ ಕಡಗ

ಬೆಲ್ಲ ಕುದಿಯುವ ವಾಸನೆ, ಹೌದು, ಬೆಲ್ಲವೇ, ಗೋಡೆಯಾಚೆ ಚೌಡವ್ವನ ಹಿತ್ತಲಿನಲ್ಲಿ ಮಗಳ ಲಗ್ನದ ಗೋಧಿಹುಗ್ಗಿ ಒಲೆಗೇರಿದೆ, ಯಾವ ಪಾತ್ರೆಯಲ್ಲೋ — ಭರಮವ್ವ ಹುಣಸೆಹಣ್ಣು ಹಿಡಿದ ಕೈಯಿಂದ ತಾಮ್ರದ ಕೊಪ್ಪರಿಗೆಯನ್ನು ಮತ್ತಷ್ಟು ತಿಕ್ಕಿದಳು, ನಿನ್ನೆಯೂ ತಿಕ್ಕಿದ್ದಳು, ಒಲೆ ಕಾಣದ ಪಾತ್ರೆಗೆ ತಿಕ್ಕುವುದೇನು, ಆದರೂ ಕೈ ನಿಲ್ಲದು, ಶಿವನೇ, ಈ ಕೈಯನ್ನೊಂದು ಸುಮ್ಮನಿರಿಸು. ಗಂಡ ಹೊಳಬಸಪ್ಪ ಇದನ್ನು ಸವಣೂರಿನಿಂದ ಚಕ್ಕಡಿಯಲ್ಲಿ ತಂದ ದಿನ, ಎತ್ತುವ ಎರಡು ಕಡಗಗಳಲ್ಲಿ ಆ ಕಡೆಯ ಕಡಗ ಅವನು ಹಿಡಿದಿದ್ದ, ಈ ಕಡೆಯದು ತಾನು, ಮೆಲ್ಲಕ ಎತ್ತ, ಹೊಸ್ತಿಲಕ್ಕ ಬಡದೀತು, ನಿನಗಿಂತ ಇದರ ನಡಾನ ದೊಡ್ಡದೈತಿ ನೋಡ ಎಂದು ನಕ್ಕಿದ್ದ, ಆಮೇಲೆ ಅಕ್ಕಿಆಲೂರಿನ ಈ ಓಣಿಯಲ್ಲಿ ಇದು ಹೋಗದ ಲಗ್ನವಿರಲಿಲ್ಲ, ಹೋದದ್ದು ಬರಿದಾಗಿ ಬರುತ್ತಿರಲಿಲ್ಲ, ತಳದಲ್ಲಿ ಹುಗ್ಗಿ ಉಳಿಸಿಯೇ ತರುವುದು ಪದ್ಧತಿ, ತಂದವರು ಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವ ತನಕ ಮಾತಾಡುತ್ತಿದ್ದರು — ಅವನು ಶಿವನ ಪಾದ ಸೇರಿದ ಮೇಲೆ ಒಮ್ಮೆ ಅಂಚು ನೆಗ್ಗಿ ಬಂತು, ಹೆಬ್ಬೆರಳು ಕೂರುವಷ್ಟೇ ನೆಗ್ಗು, ಅಷ್ಟಕ್ಕೇ ಒಳಗಿಟ್ಟು ಬೀಗ ಹಾಕಿದ್ದು, ಯುದ್ಧ ನಡದೈತಿ, ತಾಮ್ರ ಎಲ್ಲಿ ಸಿಗತೈತಿ ಅಂತ ಬಂದವರಿಗೆಲ್ಲ ಹೇಳಿದ್ದು, ಬರುವವರೂ ನಿಂತದ್ದು. ಮೊನ್ನೆ ಚೌಡವ್ವ, ಯಕ್ಕಾ, ಕೊಪ್ಪರಿಗಿ ಕೊಡು, ನೀನೂ ಬಾ, ಹುಗ್ಗಿ ಹದ ನೋಡಾಕ ನೀನ ಬೇಕು ಎಂದಾಗ, ಹತ್ತಿಮತ್ತೂರಾಗಿನ ನಮ್ಮ ತಂಗಿ ಒಯ್ದಾಳವ್ವ ಅಂದುಬಿಟ್ಟಿತಲ್ಲ ಬಾಯಿ, ವಿಭೂತಿ ಹಚ್ಚಿದ ಹಣೆಯ ಕೆಳಗಿನ ಬಾಯಿ, ಚೌಡವ್ವ ಭರಮವ್ವನ ಉಗುರಿನ ಸಂದಿಯ ಹುಣಸೆಹಣ್ಣು ನೋಡಿದಳು, ಆಗಲಿ ಬಿಡು, ಬಾಳ ತಿಕ್ಕಬ್ಯಾಡ ಅಂತ ನಿನ್ನ ತಂಗಿಗೆ ಹೇಳು, ತಾಮ್ರ ಸವದೀತು — ಇವತ್ತು ಕರೆಯಲು ಯಾರೂ ಬರಲಿಲ್ಲ. ಏ, ತಳಾ ಹತ್ತಾಕತ್ತೇತಿ, ಸಣ್ಣ ಬೋಗಾಣಿ ಸಾಲವಲ್ವು ಎಂದು ಆಚೆ ಯಾರೋ ಕೂಗಿದರು, ಸೀದ ಬೆಲ್ಲದ ಕಹಿ ಮೂಗಿಗೆ ಬಡಿಯಿತು, ಭರಮವ್ವ ಎದ್ದಳು, ಒಳಗಿನ ಅಗುಳಿ ಸರಿಸಿದಳು, ಕದ ತೆರೆಯಿತು, ಈ ಕಡೆಯ ಕಡಗ ಹಿಡಿದು ಎಳೆದಳು, ಕೊಪ್ಪರಿಗೆ ವಾಲಿತು, ನೆಲ ಕೆರೆಯಿತು, ಹೊಸ್ತಿಲಿಗೆ ಬಡಿದು ಠಣ್ ಎಂದಿತು, ಬಡಿದರೆ ಬಡಿಯಲಿ, ಆದರೆ ಹೊಸ್ತಿಲು ಹತ್ತಲೊಲ್ಲದು, ಆ ಕಡೆ ಎತ್ತಲು ಒಬ್ಬರು ಬೇಕು, ಗೋಡೆಯಾಚೆ ಚೌಡವ್ವನ ದನಿ, ಏನ ಯಕ್ಕಾ, ಹತ್ತಿಮತ್ತೂರಿಂದ ಬಂತೇನ ಕೊಪ್ಪರಿಗಿ, ಹೆಂಗಸರ ನಗು, ನಗಲಿ, ಬಂದೈತೆವ್ವಾ, ಬಾ, ಆ ಕಡೀ ಹಿಡಿ ಎಂದು ಬಾಯಿ ಕೂಗಿಯೇ ಕೂಗಿತು, ಅಷ್ಟರಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಾಗಿ ಭಜಂತ್ರಿಯವರ ಡೊಳ್ಳು ಸನಾದಿ ಒಮ್ಮೆಗೇ ಎದ್ದವು, ಕೂಗು ಗೋಡೆ ದಾಟಲಿಲ್ಲ, ಎಲ್ಲರೂ ಹಂದರದತ್ತ ಓಡಿದರು, ಇನ್ನೊಮ್ಮೆ ಕೂಗಬೇಕು, ಈ ಕಡೆಯದು ಕೈಯಲ್ಲಿದೆ, ಬಿಡಬಾರದು, ಆ ಕಡೆಯದು ಅಲ್ಲಾಡುತ್ತಿದೆ, ಥಳಥಳ ಹೊಳೆಯುತ್ತ, ಆ ಕಡೆಯ ಕಡಗ, ಯಾರ ಕೈಯೂ ಇಲ್ಲದ ಆ ಕಡೆಯ ಕಡಗ —