ಸಂಪಿಗೆ ಬಾರಿನ ಅರ್ಧ ಬಾಗಿಲು

ನಾನು ಒಂದು ಅರ್ಧ ಬಾಗಿಲು. ಮನುಷ್ಯನ ಎದೆಯಿಂದ ಮೊಣಕಾಲಿನವರೆಗೆ ಮಾತ್ರ ನನ್ನ ಅಧಿಕಾರ. ತಿಪಟೂರಿನ ಬಡಗಿಯೊಬ್ಬ ಹಲಸಿನ ಮರದಲ್ಲಿ ನನ್ನನ್ನು ಮಾಡಿದ್ದು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ. ಅಲ್ಲಿ ನನ್ನನ್ನು ತಳ್ಳುವ ಕೈಗಳೆಲ್ಲ ನಡುಗುತ್ತಿದ್ದವು. ಡಾಕ್ಟರು ಊರು ಬಿಡುವಾಗ ಕುರ್ಚಿ ಬೆಂಚುಗಳ ಜೊತೆ ನನ್ನನ್ನೂ ಮಾರಿದರು. ಕೊಂಡವರು ಸರ್ಕಲ್ಲಿನ ಸಂಪಿಗೆ ಬಾರ್ ಅಂಡ್ ರೆಸ್ಟೋರೆಂಟಿನ ಮಾಲೀಕ ರಂಗಧಾಮಯ್ಯ. ಅಡುಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ನನ್ನನ್ನು ಸ್ಪ್ರಿಂಗ್ ಹಾಕಿ ನಿಲ್ಲಿಸಿದರು.

ಅಲ್ಲಿಂದ ಶುರುವಾಯಿತು ಒದೆ ತಿನ್ನುವ ಬದುಕು. ಸಪ್ಲೈಯರ್‌ಗಳ ಎರಡು ಕೈಯಲ್ಲೂ ತಟ್ಟೆ, ಹಾಗಾಗಿ ನನ್ನ ಪಾಲಿಗೆ ಕಾಲು. ಆದರೂ ಬೇಸರವಿರಲಿಲ್ಲ. ಆ ಜಾಗದಲ್ಲಿ ನಿಂತರೆ ಊರಿನ ಅಭಿಪ್ರಾಯವೆಲ್ಲ ಕಿವಿಗೆ ಬೀಳುತ್ತದೆ. ಸಂಪಿಗೆ ಬಾರಿಗೆ ಗಿರಾಕಿಗಳು ಕೊಡುತ್ತಿದ್ದ ಸರ್ಟಿಫಿಕೇಟು ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ನಿ. ಫ್ಯಾನು ತಿರುಗುವುದಕ್ಕಿಂತ ಕೂಗುವುದೇ ಜಾಸ್ತಿ. ಮೂಲೆಯ ಟೇಬಲ್ಲು ಕುಂಟುತ್ತದೆ. ಬಿಯರು ಯಾವತ್ತೂ ತಣ್ಣಗಿರುವುದಿಲ್ಲ. ಇಷ್ಟೆಲ್ಲ ಬೈದು ಕೊನೆಗೆ ಎಲ್ಲರೂ ಒಂದೇ ಮಾತಿಗೆ ಬರುತ್ತಿದ್ದರು: "ಆದ್ರೆ ಲಿವರ್ ಫ್ರೈ ತಿಂದ್ರೆ ಇಲ್ಲೇ ತಿನ್ಬೇಕು ಕಣಯ್ಯ. ಈ ಭಟ್ಟನ ಕೈಗೆ ಬಂಗಾರದ ಕಡಗ ತೊಡಿಸ್ಬೇಕು."

ಭಟ್ಟ ಅಂತ ಅಲ್ಲಿ ಯಾರೂ ಇರಲಿಲ್ಲ. ನನ್ನ ಮರೆಯಲ್ಲಿ, ತಗ್ಗಿನ ಒಲೆಯ ಮುಂದೆ ಕೂತಿದ್ದವಳು ದೇವೀರಮ್ಮ.

ರಂಗಧಾಮಯ್ಯ ಕೆಟ್ಟವರಲ್ಲ, ಹೆದರುಪುಕ್ಕಲರು. ಬಾರಿನಲ್ಲಿ ಹೆಂಗಸು ಕೆಲಸಕ್ಕಿದ್ದಾಳೆಂದರೆ ಊರು ನಾಲಿಗೆ ಹರಿಬಿಡುತ್ತದೆ ಎಂದು, ಅವಳು ಹಿತ್ತಿಲ ಬಾಗಿಲಿಂದ ಬಂದು ಹಿತ್ತಿಲ ಬಾಗಿಲಿಂದಲೇ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಹೀಗಾಗಿ ಕಾಣದ ಭಟ್ಟನಿಗೆ ಗಿರಾಕಿಗಳೇ ರೂಪ ಕೊಟ್ಟರು. ಒಬ್ಬ ಹುರಿಮೀಸೆ ಇಟ್ಟ, ಇನ್ನೊಬ್ಬ ಬೊಜ್ಜು ಬರಿಸಿದ. ಕೊಬ್ಬರಿ ದಲ್ಲಾಳಿ ಹುಚ್ಚೇಗೌಡರಂತೂ ಎರಡು ಪೆಗ್ಗು ಒಳಗೆ ಹೋದರೆ ಸಾಕು, "ಭಟ್ಟ ನಮ್ಮ ಕಡೇನೋನು ಕಣ್ಲಾ, ನಮ್ಮ ಭಾವನ ಜೊತೆ ಇಸ್ಕೂಲಿಗೆ ಹೋದೋನು" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ದೇವೀರಮ್ಮ ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಬರಬರುತ್ತಾ ಆ ನಗು ನಿಂತಿತು. ಒಂದು ದಿನ ನನ್ನ ಹಿಂದೆ ಬಗ್ಗಿ ನಿಂತು, "ಬೇಯೋಳು ನಾನು, ಹೆಸ್ರು ಮಾತ್ರ ಇಲ್ದಿರೋ ಗಂಡಸಿಗೆ" ಎಂದಳು.

ರಂಗಧಾಮಯ್ಯ ಮಂಡಿನೋವೆಂದು ಮನೆ ಹಿಡಿದ ಮೇಲೆ ಗಲ್ಲಾ ಅವರ ಅಳಿಯ ಲೋಹಿತನ ಕೈಗೆ ಬಂತು. ಅವನಿಗೆ ಬಾರನ್ನು ಪಬ್ ಮಾಡುವ ಹುಚ್ಚು. ಗೋಡೆಗೆ ಕಪ್ಪು ಬಣ್ಣ ಬಳಿಸಿದ, ನೀಲಿ ದೀಪ ಹಾಕಿಸಿದ, ಅಡುಗೆಗೆ ಉದ್ದ ಟೋಪಿಯವನೊಬ್ಬನನ್ನು ಕರೆತಂದ. "ದೇವೀರಮ್ಮ, ಈ ವಾರ ಈರುಳ್ಳಿ ಹೆಚ್ಕೊಂಡಿರಿ. ಮುಂದಿನ ವಾರದಿಂದ ಬರೋದ್ ಬೇಡ" ಅಂದುಬಿಟ್ಟ.

"ಹೆಸ್ರು ನಂದಲ್ದಿದ್ರೂ ಒಲೆ ನಂದು ಅಂದ್ಕಂಡಿದ್ದೆ" ಎಂದಷ್ಟೇ ಹೇಳಿ ಅವಳು ಈಳಿಗೆಯ ಮುಂದೆ ಕೂತಳು.

ಗಿರಾಕಿಯ ಬಾಯಿ ದಾಕ್ಷಿಣ್ಯಕ್ಕೆ ಸುಳ್ಳಾಡಬಹುದು, ತಟ್ಟೆ ಆಡುವುದಿಲ್ಲ. ಅದುವರೆಗೆ ತೊಳೆದಂತೆ ವಾಪಸಾಗುತ್ತಿದ್ದ ತಟ್ಟೆಗಳು ಈಗ ಹೋದ ಹಾಗೇ ತಿರುಗಿ ಬರತೊಡಗಿದವು. ಟೋಪಿಯವನ ಅಡುಗೆಯಲ್ಲಿ ಬಣ್ಣವಿತ್ತು, ಖಾರವಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಅದೇ ವಾರ, ಕೊಬ್ಬರಿ ಹರಾಜಿನ ದಿನ ಮಧ್ಯಾಹ್ನ ಹಾಲು ಗಿಜಿಗುಡುತ್ತಿತ್ತು. ಹುಚ್ಚೇಗೌಡರು ಲಿವರ್ ಫ್ರೈ ಬಾಯಿಗಿಟ್ಟವರೇ ತಟ್ಟೆ ಕುಕ್ಕಿದರು.

"ಕರೀರ್ಲಾ ಭಟ್ಟನ್ನ!"

ಟೋಪಿಯವನು ಹೋಗಿ ನಿಂತ.

"ಇವನಲ್ಲ. ನಮ್ಮ ಭಟ್ಟ ಎಲ್ಲವ್ನೆ?"

"ಅವ್ರು ಊರಿಗೆ ಹೋದ್ರು ಸಾರ್" ಎಂದ ಲೋಹಿತ.

ಇಡೀ ಹಾಲು ಎದ್ದು ನಿಂತಿತು. "ಕಾರ್ ತಗೀರಿ, ಈಗ್ಲೇ ಹೋಗಿ ಕರ್ಕಂಬರಾನ!" ಹೊರಡುವುದು ಯಾವ ಊರಿಗೆ? ಗೌಡರು ತುರುವೇಕೆರೆ ಎಂದರು. ಇನ್ನೊಬ್ಬ ಅರಸೀಕೆರೆ ಎಂದ. ಮೂಲೆಯ ಟೇಬಲ್ಲಿನವನು ಕಡೂರೇ ಎಂದು ಆಣೆ ಇಟ್ಟ. ಹುಟ್ಟದ ಭಟ್ಟನ ಹುಟ್ಟೂರಿಗಾಗಿ ಅಂಗಿಯ ಕೊರಳಪಟ್ಟಿಗೆ ಕೈ ಹೋಗುವುದೊಂದು ಬಾಕಿ.

ಆಗ ದೇವೀರಮ್ಮ ಈಳಿಗೆ ಬಿಟ್ಟು ಎದ್ದಳು. ಸೆರಗು ಬಿಗಿದಳು. ನನ್ನನ್ನು ತಳ್ಳಿಕೊಂಡು ಹಾಲಿನ ನಡುವೆ ಹೋಗಿ ನಿಂತಳು.

"ಯಾವೂರಿಗೂ ಹೋಗ್ಬೇಡಿ. ಇಷ್ಟು ವರ್ಷ ನೀವು ತಿಂದಿದ್ದು ನನ್ನ ಕೈ ಅಡ್ಗೆ."

ಕೊರಳಪಟ್ಟಿಗೆ ಹೊರಟಿದ್ದ ಕೈಗಳು ಕೆಳಗಿಳಿದವು.

"ನೀನಾ?" ಗೌಡರ ಬಾಯಿ ತೆರೆದೇ ಇತ್ತು.

"ನಂಬ್ಕೆ ಬರ್ದಿದ್ರೆ ಕೂತ್ಕಳಿ. ಮಾಡ್ಕಂಬತ್ತೀನಿ."

ಅವಳು ಒಳಗೆ ಬಂದ ರಭಸಕ್ಕೆ ಟೋಪಿಯವನು ತಾನಾಗಿಯೇ ಪಕ್ಕಕ್ಕೆ ಸರಿದ. ಕಾದ ಎಣ್ಣೆಗೆ ಮೆಣಸು, ಕರಿಬೇವು ಬಿದ್ದವು. ಆ ವಾಸನೆ ನನ್ನ ನೆತ್ತಿ ದಾಟಿ ಹಾಲಿಗೆ ಹೋದಾಗಲೇ ತೀರ್ಪು ಹೊರಬಿದ್ದಿತ್ತು. ಗೌಡರು ಒಂದು ಚೂರು ಬಾಯಿಗಿಟ್ಟರು, ಕಣ್ಣು ಮುಚ್ಚಿದರು. ಆಮೇಲೆ ಎದ್ದು ಕೈ ಮುಗಿದರು.

"ತಪ್ಪಾಯ್ತು ಕಣವ್ವ. ನಿನ್ನ ಮುಖಕ್ಕೆ ಮೀಸೆ ಬರ್ದುಬಿಟ್ಟಿದ್ವಲ್ಲ ನಾವು!"

ಹಾಲೆಲ್ಲ ಗೊಳ್ಳೆಂದಿತು. ಟೇಬಲ್ಲು ಬಡಿದರು, ಚಪ್ಪಾಳೆ ತಟ್ಟಿದರು. ದೇವೀರಮ್ಮ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ವ್ಯಾಪಾರ ಬಲ್ಲ ಲೋಹಿತ ತಡಮಾಡಲಿಲ್ಲ. "ಒಲೆ ನಿಮ್ದೇ ದೇವೀರಮ್ಮ" ಎಂದ.

"ಒಲೆ ಸರಿ. ಮೊದ್ಲು ಈ ಬಾಗ್ಲು ಕಿತ್ತಾಕ್ಸಿ. ಅಡ್ಗೆ ಹೆಂಗೈತೆ ಅಂತ ಇನ್ಮೇಲೆ ನನ್ನ ಮುಖ ನೋಡ್ಕಂಡೇ ಹೇಳ್ಲಿ."

ಅವತ್ತೇ ನನ್ನ ಸ್ಕ್ರೂಗಳನ್ನು ಬಿಚ್ಚಿದರು. ಬಾಗಿಲ ಜಾತಿಯಲ್ಲಿ ಹುಟ್ಟಿ, ಕಿತ್ತುಹಾಕಿಸಿಕೊಂಡು ಬೀಗಿದ್ದು ಬಹುಶಃ ನಾನೊಂದೇ.

ಈಗ ನಾನು ಹಿತ್ತಿಲಲ್ಲಿ ಎರಡು ಕಲ್ಲಿನ ಮೇಲೆ ಮಲಗಿದ್ದೇನೆ. ದೇವೀರಮ್ಮ ನನ್ನ ಮೇಲೆ ಮೆಣಸಿನಕಾಯಿ ಒಣಗಿಸುತ್ತಾಳೆ. ಒದೆಯುವವರಿಲ್ಲ, ಬಿಸಿಲು ಹಿತವಾಗಿರುತ್ತದೆ. ಒಳಗಿನ ಮಾತು ಇಲ್ಲಿಗೂ ಕೇಳುತ್ತದೆ.

"ದೇವೀರಕ್ಕ, ಇವತ್ತು ಉಪ್ಪು ಜಾಸ್ತಿ ಆಯ್ತು."

"ನಿನ್ನ ನಾಲ್ಗೆ ಜಾಸ್ತಿ ಆಗೈತೆ. ಸುಮ್ಕೆ ತಿನ್ನು."

ಲೋಹಿತ ಮುಂಬಾಗಿಲಿಗೆ ನೀಲಿ ದೀಪದ ಪಬ್ ಬೋರ್ಡು ಹಾಕಿಸಿದ್ದಾನಂತೆ. ಅದನ್ನು ಓದಿದವರು ಯಾರೋ ಕಾಣೆ. ಸರ್ಕಲ್ಲಿನಲ್ಲಿ ಪ್ರೈವೇಟ್ ಬಸ್ಸು ನಿಂತಾಗೆಲ್ಲ ಕಂಡಕ್ಟರು ಫುಟ್‌ಬೋರ್ಡಿನಿಂದ ಗಂಟಲು ಹರಿಯುವಂತೆ ಕೂಗುತ್ತಾನೆ: "ಯಾರ್ರೀ ಅದು, ದೇವೀರಮ್ಮನ ಬಾರು! ಇಳ್ಕಳಿ, ಇಳ್ಕಳಿ!"